ಟಿಟಿಯ ದಾರಿಯಲ್ಲಿ ಕೆಂಪು ಉಣ್ಣೆ

ಮತ್ತೆ ಕೆಂಪು, ಪರದೆಯ ಅರ್ಧವನ್ನೇ ನುಂಗಿ ಕೂತ ಕೆಂಪು, ಇದೇನು ಕ್ಯಾಮೆರಾ ಕೆಟ್ಟಿತೇ ಅಂದುಕೊಂಡು ಮುಂದಿನ ಚಿತ್ರ ಒತ್ತಿದೆ, ಅದರಲ್ಲೂ ಕೆಂಪು, ಸ್ವಲ್ಪ ಎಡಕ್ಕೆ, ಅದರ ಮುಂದಿನದರಲ್ಲಿ ಸ್ವಲ್ಪ ಬಲಕ್ಕೆ — ಗೊಂಡೆ, ಉಣ್ಣೆಯ ಗೊಂಡೆ, ನಮ್ಮ ಮಂದೆಯ ಲಾಮಾಗಳ ಕಿವಿಗೆ ಕಟ್ಟುವಂಥದ್ದು, ಮೇಲಿನ ಆ ಗಂಟನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ, ಈ ಲೀಪೆಸ್ ಬಯಲಿನಲ್ಲಿ ಹಾಗೆ ಕಟ್ಟುವವಳು ಒಬ್ಬಳೇ, ಅವಳೀಗ ನನ್ನ ಬೆನ್ನ ಹಿಂದೆ ಒಲೆಗೆ ಲಾಮಾ ಹಿಕ್ಕೆ ಒಟ್ಟುತ್ತ ಕೇಳುತ್ತಿದ್ದಾಳೆ, ಏನೇ ನೆಲಿದಾ, ಬಂದ್ಳಾ ಅವ್ಳು? ಅಮ್ಮಾ, ಬಂಡೆ ಹತ್ರ ನೀನೇನಾದ್ರೂ ಕಟ್ಟಿದ್ಯಾ? ಹೂಂ ಕಟ್ದೆ, ಅದಕ್ಕೇನೀಗ, ಬೆಟ್ಟದ ಒಡತಿ ಓಡಾಡೋ ದಾರೀಲಿ ಹೇಳ್ದೆ ಕೇಳ್ದೆ ಒಂದು ಕಣ್ಣು ನೆಟ್ಟು ಬಂದೆ ನೀನು, ಸಿಟ್ಟು ಬರಲ್ವಾ ಅವ್ಳಿಗೆ, ನಾನೇ ಹೋಗಿ ಕೋಕಾ ಎಲೆ ಇಟ್ಟು, ನಮ್ಮ ಹುಡುಗಿಗೆ ಬುದ್ಧಿ ಸಾಲ್ದು ತಾಯಿ ಅಂತ ಹೇಳಿ, ಆ ಕಣ್ಣಿಗೂ ಒಂದು ಗೊಂಡೆ ಕಟ್ಟಿ ಬಂದೆ, ಪಾಪ ಬೋಳು ಬೋಳಾಗಿ ಕಾಣ್ತಿತ್ತು. ಬೋಳು! ಎಷ್ಟು ದೂರ ನಡೆದು, ಎಷ್ಟು ತಲೆ ಕೆಡಿಸಿಕೊಂಡು ಇಟ್ಟ ಕ್ಯಾಮೆರಾ, ಎದುರು ಏನಾದರೂ ಅಲುಗಿದರೆ ತಾನೇ ಚಿತ್ರ ಹಿಡಿಯುವಂಥದ್ದು, ಮಧ್ಯಾಹ್ನದ ಗಾಳಿ ಎದ್ದಾಗಲೆಲ್ಲ ಗೊಂಡೆ ಆಡಿದೆ, ಗೊಂಡೆ ಆಡಿದಾಗಲೆಲ್ಲ ಕ್ಯಾಮೆರಾ ಚಿತ್ರ ಹಿಡಿದಿದೆ, ನಗಬೇಕೋ ಅಳಬೇಕೋ ತಿಳಿಯದೆ ಒತ್ತುತ್ತಲೇ ಇದ್ದೇನೆ, ಕೆಂಪು, ಕೆಂಪು, ಗೊಂಡೆಯ ಅಂಚಿನಲ್ಲಿ ಒಂದು ಚೂರು ಬಂಡೆ, ಮತ್ತೆ ಕೆಂಪು.

ಗಣಿಯವರ ರಸ್ತೆ ಆ ಬಂಡೆಗಳ ನಡುವೆಯೇ ಹಾಯಬೇಕಂತೆ, ನಕ್ಷೆಯಲ್ಲಿ ಅದು ಸಪೂರ ಗೆರೆ, ಸಿಡಿಮದ್ದು ಇಟ್ಟರೆ ಗೆರೆಯಾಗಿ ಉಳಿಯುವುದಿಲ್ಲ, ಬಂಡೆ ಹೋದರೆ ಅದರ ಸಂದಿಯಲ್ಲಿ ಬಿಸಿಲು ಕಾಯುವ ಮೊಲದಂಥ ವಿಸ್ಕಾಚಾಗಳು ಹೋಗುತ್ತವೆ, ವಿಸ್ಕಾಚಾ ಇಲ್ಲದಿದ್ದರೆ ಟಿಟಿ, ನಮ್ಮ ಬೆಟ್ಟದ ಬೆಕ್ಕು, ಏನು ತಿನ್ನಬೇಕು, ಬಂಡೆಯ ಬುಡದಲ್ಲಿ ಜಿನುಗುವ ಒರತೆ ಬತ್ತಿದರೆ ನಮ್ಮ ಲಾಮಾಗಳು ಏನು ಕುಡಿಯಬೇಕು, ಅಮ್ಮ ಎಲ್ಲಿಗೆ ಹೋಗಬೇಕು. ಟಿಟಿ ಇದೆ ಅಂತ ತೋರಿಸಿದರೆ ರಸ್ತೆ ಉಪ್ಪಿನ ಬಯಲನ್ನು ಸುತ್ತಿಕೊಂಡು ಹೋಗಲೇಬೇಕು, ಕಾನೂನು ಹಾಗಿದೆ. ನಮ್ಮ ಪ್ರಾಣಿ ಸಮೀಕ್ಷೆ ತಂಡದ ಡಾಕ್ಟರ್ ಓರ್ತೂನ್ಯೋ ಒಳ್ಳೆಯವಳೇ, ಲಾ ಪಾಸ್‌ನಿಂದ ಬಂದು ಈ ಚಳಿಯಲ್ಲಿ ನಮ್ಮ ಜೊತೆ ನೆಲದ ಮೇಲೆ ಮಲಗಿದವಳು, ಆದರೆ ನಿನ್ನೆ ಕೈಹಿಡಿದು ಹೇಳಿಬಿಟ್ಟಳು, ನೆಲಿದಾ, ಬೇರೆ ಕ್ಯಾಮೆರಾಗಳಲ್ಲಿ ಬರೀ ನರಿ ಕಣೇ, ಹುಲ್ಲುಗಾವಲಿನ ಬೆಕ್ಕೂ ಒಂದು ಬಂದಿದೆ, ಅದು ಎಲ್ಲಾ ಕಡೆ ಇರತ್ತೆ, ಅದರಿಂದ ರಸ್ತೆ ನಿಲ್ಲಲ್ಲ, ನಾಳೆ ವರದಿ ಕಳಿಸ್ಲೇಬೇಕು, ಉಳಿದಿರೋದು ನಿಮ್ಮಮ್ಮನ ಬಂಡೆ ಒಂದೇ. ಅಮ್ಮನನ್ನೂ ಕೇಳಿದ್ದಳು, ಅಮ್ಮಾ, ಇಲ್ಲಿ ಬೆಟ್ಟದ ಬೆಕ್ಕು ನೋಡಿದ್ದೀರಾ? ಬೆಕ್ಕಾ? ನಮ್ಮನೇಲಿ ಇಲಿನೇ ಇಲ್ಲ ಡಾಕ್ಟರಮ್ಮಾ, ಬೆಕ್ಕು ಕಟ್ಕೊಂಡು ಏನ್ ಮಾಡ್ಲಿ — ಎಷ್ಟು ಮುಗ್ಧವಾಗಿ ಅಂದಳು ಮಾರಾಯ್ತಿ! ಜೀಪು ದಿಬ್ಬ ಇಳಿಯುವವರೆಗೂ ಕಾದು ನನ್ನತ್ತ ತಿರುಗಿ, ಬೆಟ್ಟದ ಒಡತಿ ಹೆಸರನ್ನ ಕಂಡ್ ಕಂಡೋರ ಮುಂದೆ ಹೇಳ್ತಾರೇನೇ, ನಿಂಗೆ ಇಷ್ಟೆಲ್ಲಾ ಓದ್ಸಿದ್ದು ದಂಡ. ನಾನು ಆಗಲೂ ರೇಗಿದ್ದೆ, ಈಗಲೂ ರೇಗಿದೆ, ಬಾಯಿಂದ ಬಂದೇ ಬಿಟ್ಟಿತು, ನೀನು ಕಟ್ಟಿದ ಆ ಉಣ್ಣೆಯಿಂದ ಬಂಡೆನೇ ಹೋಗತ್ತೆ ಅಮ್ಮಾ, ಗೊತ್ತಾಗ್ತಿದ್ಯಾ ನಿಂಗೆ? ಯಾಕಾದರೂ ಅಂದೆನೋ. ಸ್ವಲ್ಪ ಹೊತ್ತಿಗೆ ಬಟ್ಟಲು ಬಂದು ನನ್ನ ಮೊಣಕೈ ಪಕ್ಕ ಕೂತಿತು, ಗಂಜಿ ಕುಡಿ, ಆರಿಹೋಗತ್ತೆ, ಅಷ್ಟೇ, ಚಳಿಗೆ ಬಿರಿದ ಬೆರಳುಗಳಲ್ಲಿ ಇನ್ನೂ ಕೆಂಪು ಬಣ್ಣದ ಕಲೆ, ಈ ವಾರವಷ್ಟೇ ಉಣ್ಣೆ ಅದ್ದಿದ್ದಾಳೆ, ನನ್ನ ಕ್ಯಾಮೆರಾಗೆ ಹಳೇ ಗೊಂಡೆ ಆಗದು ಅಂತ ಹೊಸ ಬಣ್ಣ ಕಾಸಿದ್ದಾಳೆ, ನನ್ನ ಎದೆ ಕರಗಿಹೋಯಿತು, ಈ ಹೆಂಗಸನ್ನು ನಾನು ಎಷ್ಟು ಪ್ರೀತಿಸುತ್ತೇನೆ, ಸಿಟ್ಟು ಬಂದಾಗಲೂ.

ಕಿನುವಾ ಗಂಜಿ ಬಿಸಿಯಾಗಿದೆ, ಒಂದು ಗುಟುಕು, ಒಂದು ಚಿತ್ರ, ಕೆಂಪು — ಅಜ್ಜಿಯ ಪೆಟ್ಟಿಗೆಯಲ್ಲೂ ಹೀಗೇ ಕೆಂಪು ಇತ್ತು, ಲಾಮಾಗಳಿಗೆ ಕಿವಿ ಗುರುತು ಹಾಕುವ ದಿನ ಮಾತ್ರ ಪೆಟ್ಟಿಗೆ ತೆರೆಯುವುದು, ಒಳಗೆ ಒಣಗಿದ ಟಿಟಿ, ಯಾವ ಕಾಲದಲ್ಲಿ ಬೆಟ್ಟದಲ್ಲಿ ಸತ್ತು ಸಿಕ್ಕಿದ್ದೋ, ಬೂದು ಬಣ್ಣದ ತೊಗಲು, ಬೆನ್ನಿಗೆ ರಿಬ್ಬನ್ನು, ಮುಖಕ್ಕೆ ಕೆಂಪು ಉಣ್ಣೆಯ ತೆರೆ, ಅವಳನ್ನು ಮಂದೆಯ ಎದುರು ಕೂರಿಸಿ ಮೊದಲ ಗುಟುಕು ಕಳ್ಳು ಅವಳಿಗೆ, ಮೊದಲ ಎಲೆ ಅವಳಿಗೆ, ಮಕ್ಕಳು ಮುಖ ನೋಡುವ ಹಾಗಿಲ್ಲ, ಬಾಲ ಬೇಕಾದ್ರೆ ಹಿಡ್ಕೋ ಪುಟ್ಟಾ ಅನ್ನುತ್ತಿದ್ದಳು ಅಜ್ಜಿ, ಹಿಡಿದರೆ ನನ್ನ ಮುಷ್ಟಿ ಮುಚ್ಚುತ್ತಲೇ ಇರಲಿಲ್ಲ, ಅಷ್ಟು ದಪ್ಪ, ಅಗಲ ಅಗಲ ಕಪ್ಪು ಬಳೆ ತೊಟ್ಟಂಥ ಬಾಲ, ಎಷ್ಟೋ ವರ್ಷದ ಮೇಲೆ ತರಗತಿಯಲ್ಲಿ ಇದೇ ಡಾಕ್ಟರ್ ಓರ್ತೂನ್ಯೋ ಎರಡು ಬೆಕ್ಕುಗಳ ಚಿತ್ರ ತೋರಿಸಿ, ಮೈ ನೋಡಿ ಮೋಸ ಹೋಗ್ಬೇಡಿ, ಬಾಲ ನೋಡಿ, ಹುಲ್ಲುಗಾವಲಿನ ಬೆಕ್ಕಿಗೆ ಗಿಡ್ಡ ಬಾಲ, ತೆಳ್ಳಗೆ, ಟಿಟಿಗೆ ಮಾತ್ರ ಹೀಗೆ ಉದ್ದ, ದಪ್ಪ ಅಂದಾಗ ನಾನು ಬೆಂಚಿನ ಕೆಳಗೆ ಮುಷ್ಟಿ ಬಿಡಿಸಿ ನೋಡಿಕೊಂಡಿದ್ದೆ. ಹೋಗಲಿ ಬಿಡು ಮಗಾ, ಅಮ್ಮ ಈಗ ಮೆಲ್ಲಗೆ ಹೇಳುತ್ತಿದ್ದಾಳೆ, ಒರತೆ ಹತ್ರ ನಾನೇ ಹೋಗಿ ಕೂತ್ಕೋತೀನಿ, ಸಿಡ್ಸೋಕೆ ಬಂದೋರು ಮುದುಕಿನ ಎತ್ತಿ ಪಕ್ಕಕ್ಕಿಡ್ಲಿ ನೋಡೋಣ — ಕೂರುತ್ತಾಳೆ, ಖಂಡಿತ ಕೂರುತ್ತಾಳೆ, ಜೊತೆಗೆ ಅವರಿಗೂ ಒಂದೊಂದು ಗೊಂಡೆ ಕಟ್ಟಿಬಿಡುತ್ತಾಳೆ, ನಗು ಬಂತು, ಕಣ್ಣು ಮಂಜಾಯಿತು, ಮಂಜಾದ ಕಣ್ಣಲ್ಲೇ ಒತ್ತಿದೆ, ಕೆಂಪು, ಕೆಂಪು, ಇನ್ನು ಕೆಲವೇ ಉಳಿದಿವೆ, ಬೆಳಗಿನ ಹೊತ್ತಿನದು, ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ, ಗಾಳಿ ಇಲ್ಲ, ಗೊಂಡೆ ನೇರ ನಿಂತಿದೆ — ಗಾಳಿ ಇಲ್ಲದೆ ಕ್ಯಾಮೆರಾ ಯಾಕೆ ಚಿತ್ರ ಹಿಡಿಯಿತು? ತಾಳು. ಗೊಂಡೆಯ ಹಿಂದೆ ಏನೋ ಬೂದು, ಬಂಡೆಯ ಬೂದು ಅಲ್ಲ, ಮುಖ ಕಾಣುತ್ತಿಲ್ಲ, ಮುಖವಿರುವ ಜಾಗದಲ್ಲಿ ಸರಿಯಾಗಿ ಅಮ್ಮನ ಉಣ್ಣೆ, ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹಾಗೆಯೇ, ಕೆಂಪು ಮುಗಿಯುವಲ್ಲಿ ಅದರ ಕೆಳಗೆ ಬಂಡೆಯಿಂದ ಇಳಿಬಿದ್ದು — ಬಟ್ಟಲು ಪಕ್ಕಕ್ಕೆ ಸರಿಸುತ್ತೇನೆ, ಹಿಂದಿನಿಂದ ಅಮ್ಮ, ಏನೇ, ಬಂದ್ಳಾ? — ಮೇಜಿನ ಮೇಲೆ ನನ್ನ ಕೈ ತಾನೇ ತೆರೆದುಕೊಳ್ಳುತ್ತಿದೆ, ಬೆರಳುಗಳು ಮಡಚುತ್ತಿವೆ, ಮುಚ್ಚುತ್ತಿಲ್ಲ, ದಪ್ಪ, ಅಗಲ ಅಗಲ ಕಪ್ಪು ಬಳೆ, ಬಾಲ, ಕೆಂಪು ಉಣ್ಣೆಯ ಕೆಳಗೆ ಆ ಬಾಲ, ಬಾಲ