ಹನ್ನೊಂದರ ಕತ್ತರಿ

ನನ್ನ ವಾರಗಿತ್ತಿಯ ಮೊಣಕಾಲು ನೋವಿಗೆ ಮನೆಯಲ್ಲಿ ಭಾರೀ ಮರ್ಯಾದೆ. ಸಂಜೆಯಾದರೆ ಅದಕ್ಕೊಂದು ಕುರ್ಚಿ, ಕೆಳಗೊಂದು ದಿಂಬು, ಮೇಲೊಂದು ಬಿಸಿನೀರಿನ ಚೀಲ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು, ಒಪ್ಪಿದೆ. ನನ್ನ ಬೆರಳುಗಳ ನೋವಿಗೆ ಸಿಕ್ಕಿದ್ದು ಅವರ ಬಾಯಿ ಮಾತ್ರ.

ನಮ್ಮಿಬ್ಬರದು ಒಂದೇ ಟೈಲರಿಂಗ್ ಅಂಗಡಿ. ಹೊಲಿಯುವುದು ಅವರು, ಬಟ್ಟೆ ಕತ್ತರಿಸುವುದು ನಾನು. ಕತ್ತರಿಸುವುದು ದಿನವಿಡೀ ನಿಂತು ಮಾಡುವ ಕೆಲಸ. ಅವರ ಕಾಲಿಗೆ ಆಗದು. ನನ್ನ ಬೆರಳು ನೋವು ವರ್ಷದ ಹಿಂದೆ ಶುರುವಾಯಿತು. ಬೆಳಗ್ಗೆ ಒಂಬತ್ತಕ್ಕೆ ಅಂಗಡಿ ತೆಗೆದರೆ ನನ್ನ ಬೆರಳುಗಳು ಕತ್ತರಿಯ ಹಿಡಿಯೊಳಗೆ ಹೋಗುತ್ತಿರಲಿಲ್ಲ. ಎರಡೂ ಕೈಯ ಗೆಣ್ಣುಗಳು ಊದಿ, ಬಿಸಿಯಾಗಿ, ಸೆಟೆದುಕೊಂಡಿರುತ್ತಿದ್ದವು. ಹನ್ನೊಂದರ ಹೊತ್ತಿಗೆ ಸಡಿಲವಾಗುತ್ತಿದ್ದವು, ಸಂಜೆ ಸಲೀಸಾಗಿ ಕತ್ತರಿ ಆಡಿಸುತ್ತಿದ್ದೆ. ಅದೇ ನನಗೆ ಮುಳುವಾಯಿತು.

“ಕೆಲಸ ಮಾಡಿದ್ಮೇಲೆ ಬಂದ್ರೆ ಅದು ನೋವು. ಕೆಲಸ ಶುರು ಮಾಡೋಕ್ ಮುಂಚೆನೇ ಬಂದ್ರೆ ಅದಕ್ಕೆ ಬೇರೆ ಹೆಸರಿದೆ,” ಎಂದು ವಾರಗಿತ್ತಿ ಗಿರಾಕಿಗಳ ಮುಂದೆಯೇ ಹೇಳಿದರು. ಆ ಹೆಸರು ಮೈಗಳ್ಳತನ ಎಂದು ಎಲ್ಲರಿಗೂ ಅರ್ಥವಾಯಿತು. ಅಲ್ಲೇ ಇದ್ದ ನನ್ನ ಗಂಡನೂ ನಕ್ಕ. ಆಸ್ಪತ್ರೆಗೆ ಹೋಗುತ್ತೇನೆಂದರೆ, ಕೀಲುನೋವಿಗೆಲ್ಲ ಒಂದೇ ಔಷಧಿ ಎನ್ನುತ್ತ ವಾರಗಿತ್ತಿ ತಮ್ಮ ನೋವಿನ ಮಾತ್ರೆಗಳನ್ನೇ ಕೊಟ್ಟರು. ನಾನೂ ಬೆಪ್ಪಿಯ ಹಾಗೆ ವರ್ಷಪೂರ್ತಿ ಅವನ್ನೇ ನುಂಗಿದೆ.

ಕೊನೆಗೊಂದು ದಿನ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದೆ. ಅವರ ಮೊಣಕಾಲಿನ ಎಕ್ಸ್‌ರೇಯನ್ನೂ ಕದ್ದೊಯ್ದೆ. ಎರಡೂ ನೋವು ಒಂದೇ ಎಂದು ಡಾಕ್ಟರೇ ಹೇಳಿದರೆ ಬಾಯಿ ಮುಚ್ಚಿಕೊಂಡಿರೋಣವೆಂದು. ನನ್ನ ಕೈಯ ಎಕ್ಸ್‌ರೇ, ರಕ್ತಪರೀಕ್ಷೆಯ ಫಲಿತಾಂಶ ಬಂದಮೇಲೆ ಡಾಕ್ಟರಮ್ಮ ಎರಡೂ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದರು.

“ಅವರದು ಸವೆತ. ಮೂಳೆ ನಡುವಿನ ಮೆತ್ತೆ ತೇದುಹೋಗಿದೆ. ನಿಮ್ಮದು ರುಮಟಾಯ್ಡ್ ಸಂಧಿವಾತ. ನಿಮ್ಮ ಮೈಯೇ ನಿಮ್ಮ ಕೀಲುಗಳ ಮೇಲೆ ತಿರುಗಿಬಿದ್ದಿದೆ. ಬೆಳಗ್ಗೆ ಸೆಟೆದುಕೊಳ್ಳೋದೇ ಇದರ ಗುರುತು. ಒಂದು ವರ್ಷ ಮುಂಚೆ ಬರಬೇಕಿತ್ತು.”

ಹೊಸ ಔಷಧಿಯಿಂದ ರೋಗ ಹತೋಟಿಗೆ ಬರಬಹುದು, ಆದರೆ ಈಗಾಗಲೇ ಹಾಳಾದ ಕೀಲು ಮೊದಲಿನಂತಾಗುವುದಿಲ್ಲ ಎಂದರು.

ಅಂಗಡಿಗೆ ಬಂದು ಒಂದಕ್ಷರ ಬಿಡದೆ ಹೇಳಿದೆ. ವಾರಗಿತ್ತಿ ಯಂತ್ರ ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ ಗೆದ್ದವರ ಹಾಗೆ ತಲೆಯಾಡಿಸಿದರು.

“ನಾನು ಹೇಳಿರ್ಲಿಲ್ವಾ? ನಿಂದು ದುಡಿದು ಬಂದಿದ್ದಲ್ಲ ಅಂತ.”

ಪಿತ್ತ ನೆತ್ತಿಗೇರಿತು. ಆ ಹೆಂಗಸನ್ನು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

“ನಾಳೆಯಿಂದ ನಾನು ಹನ್ನೊಂದಕ್ಕೇ ಬರೋದು ಅಕ್ಕ. ಅಲ್ಲಿವರೆಗೆ ನೀವೇ ನಿಂತು ಕತ್ತರಿಸಿ.”

ಮರುದಿನ ಹನ್ನೊಂದಕ್ಕೆ ಹೋದಾಗ ಅವರು ಮೇಜಿಗೆ ಹೊಟ್ಟೆಯೂರಿ ನಿಂತಿದ್ದರು. ಮೊಣಕಾಲು ನಡುಗುತ್ತಿತ್ತು. ಅಂಗಿಯ ಒಂದು ತೋಳು ಗೆರೆ ಬಿಟ್ಟು ಕತ್ತರಿಸಿ ಹಾಳಾಗಿತ್ತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಅವರು ಕತ್ತರಿಯನ್ನು ನನ್ನತ್ತ ತಳ್ಳಿದರು.

ಹೆಬ್ಬೆರಳು ಹಿಡಿಯೊಳಗೆ ಹೋಯಿತು. ಉಳಿದ ಬೆರಳುಗಳು ಹಿಡಿಯ ಹೊರಗೇ ನಿಂತವು. ತಿರುಗಿಸಿ ನೋಡಿದೆ, ಒತ್ತಿ ನೋಡಿದೆ. ಅವರು ಗೋಡೆಯ ಗಡಿಯಾರ ನೋಡಿದರು, ಮತ್ತೆ ನನ್ನ ಕೈ ನೋಡಿದರು.

“ಹನ್ನೊಂದಾಯ್ತಲ್ಲೇ,” ಎಂದರು.

ದನಿಯಲ್ಲಿ ಭಯವಿತ್ತು. ನನ್ನ ಬೆರಳಿಗಾಗಿಯೋ, ರಾಶಿ ಬಿದ್ದ ಬಟ್ಟೆಗಾಗಿಯೋ, ನಾನು ಕೇಳಲಿಲ್ಲ. ಕತ್ತರಿಯನ್ನು ಮತ್ತೆ ಅವರ ಮುಂದಿಟ್ಟೆ.