ಮುಷ್ಟಿ ಬಿಡು ಅಣ್ಣ

ಎಡಗೈಯ ಪುಸ್ತಕ ಹಗುರ, ಬಲಗೈಯದ್ದು ಭಾರ, ಹಗುರದ್ದರ ರಕ್ಷಾಪುಟದಲ್ಲಿ ಕೋಟು ತೊಟ್ಟವನೊಬ್ಬ ಎರಡೂ ತೋಳೆತ್ತಿ ನಗುತ್ತಿದ್ದಾನೆ, ಹಲ್ಲುಗಳು ಒಂದಕ್ಕಿಂತ ಒಂದು ಬಿಳಿ, ಭಾರದ್ದಕ್ಕೆ ಬರೀ ಬೂದು ಬಣ್ಣ, ಹಿಂಬದಿಯಲ್ಲಿ ಸಣ್ಣಕ್ಷರದ ಒಂದು ಎಚ್ಚರಿಕೆ, ಅವಸರದವರು ಇದನ್ನು ಕೊಳ್ಳಬೇಡಿ — ಎರಡೂ ತಗೊಂಡ್ಬಿಡಿ ಮೇಡಂ, ಅನ್ನುತ್ತಾನೆ ಪುಸ್ತಕದಂಗಡಿಯವನು, ಬೂದು ಬಣ್ಣದ್ದು ದುಡ್ಡು ಹೇಗೆ ಹೂಡ್ಬೇಕು ಅಂತ ಹೇಳುತ್ತೆ, ಇನ್ನೊಂದು ಮನಸ್ಸನ್ನೇ ಸಾಹುಕಾರ ಮಾಡುತ್ತೆ, ಗಾಡಿಗೆ ಎರಡು ಗಾಲಿ ಇದ್ದ ಹಾಗೆ — ಬೇಡಪ್ಪ, ಅಣ್ಣನ ಮಗಳು ಕೇಳಿದ್ದು ಒಂದೇ, ಮೊದಲ ಸಂಬಳ ಬಂದಿದೆ ಅತ್ತೆ, ಕರಗಿ ಹೋಗೋ ಮೊದ್ಲು ಏನಾದ್ರೂ ಕಲೀಬೇಕು, ಎಲ್ರೂ ಈ ಎರಡನ್ನೇ ಹೇಳ್ತಾರೆ, ಯಾವುದು ಅಂತ ನೀವು ಆರಿಸಿ, ಅವಳಿಗೇನು ಗೊತ್ತು, ಈ ಹಲ್ಲುಗಳನ್ನು ನಾನು ಮೊದಲೇ ಒಮ್ಮೆ ಆರಿಸಿದ್ದೇನೆಂದು, ಇದೇ ಕಪಾಟಿನ ಮುಂದೆ, ಅಣ್ಣನ ಐವತ್ತನೆಯ ಹುಟ್ಟುಹಬ್ಬಕ್ಕೆ, ಅವತ್ತು ಬೂದು ಬಣ್ಣದ್ದನ್ನು ಮುಟ್ಟಿಯೂ ನೋಡಲಿಲ್ಲ, ನಗುವವನನ್ನೇ ಒಯ್ದೆ, ಪಾಪ, ದಿನವಿಡೀ ಊರವರ ಕನ್ನಡಕಕ್ಕೆ ಗಾಜು ತಿಕ್ಕುತ್ತ ಕೂತಿರುತ್ತಾನೆ, ಒಂದಿಷ್ಟು ಹುರುಪಾದರೂ ಬರಲಿ ಎಂದುಕೊಂಡು.

ಬಂತು, ಹುರುಪೇನೋ ಬಂತು, ತನ್ನ ಕನ್ನಡಕದಂಗಡಿಯ ಕನ್ನಡಿಗಳ ಮೇಲೆಲ್ಲ ಚೀಟಿ ಅಂಟಿಸಿದ, ನನಗೆ ಕೊರತೆಯಿಲ್ಲ, ಹಣ ನನ್ನನ್ನು ಹುಡುಕಿಕೊಂಡು ಬರುತ್ತಿದೆ, ಗಿರಾಕಿಗಳು ಮುಖ ನೋಡಿಕೊಳ್ಳಲು ಬಗ್ಗಿದರೆ ಹಣೆಯ ಮೇಲೆಯೇ ಈ ಬರಹ, ಅತ್ತಿಗೆ ನಗುತ್ತಿದ್ದಳು, ಪಾಪ ಹಣಕ್ಕೆ ನಮ್ಮನೆ ವಿಳಾಸ ಸಿಕ್ಕಿಲ್ಲ ಅಂತ ಕಾಣುತ್ತೆ, ಅಣ್ಣ ಮಾತ್ರ ನಗಲಿಲ್ಲ, ಇಲ್ಲ ಅನ್ನೋ ಮಾತು ಬಾಯಿಗೆ ತರಬೇಡ, ತಂದ್ರೆ ಇದ್ದದ್ದೂ ಇಲ್ಲದಾಗುತ್ತೆ — ಅದು ಪುಸ್ತಕದ ಮಾತು, ಅವನ ದನಿಯಲ್ಲಿ, ಆಮೇಲೆ ಯಾರೋ ಹೇಳಿದ ಷೇರಿಗೆಂದು ಗಾಜು ತಿಕ್ಕುವ ಯಂತ್ರ ಮಾರಿದ, ಷೇರು ಮುಳುಗಿತು, ಅದನ್ನೆತ್ತಲು ಅಂಗಡಿಯನ್ನೇ ಮಾರಿದ, ಆ ಹಣವೂ ಮುಳುಗಿತು, ಒಬ್ಬರಿಗೂ ಹೇಳಲಿಲ್ಲ, ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಡುತ್ತಿದ್ದ, ವ್ಯಾಪಾರ ಹೇಗಿದೆ ಅಂದರೆ ಹರಿದು ಬರ್ತಿದೆ, ಹರಿದು ಬರ್ತಿದೆ, ನಾವು ನಂಬಿದೆವು, ಮತ್ತು ಆ ಮಂಗಳವಾರ, ನಾನು ಪ್ರಯೋಗಾಲಯದಲ್ಲಿ ರಕ್ತ ತೆಗೆಯುವವಳು, ಸಾಲಿನಲ್ಲಿ ಒಬ್ಬರು ಏಳುತ್ತಾರೆ ಇನ್ನೊಬ್ಬರು ಕೂರುತ್ತಾರೆ, ಮುಖಕ್ಕಿಂತ ಮೊದಲು ತೋಳು ಕಾಣುತ್ತದೆ, ತಲೆಯೆತ್ತಿದರೆ ಅಣ್ಣ, ಅಂಗಿಯ ತೋಳು ಮಡಚಿ ಕೈ ಚಾಚಿದ್ದಾನೆ, ಏನಾಯ್ತೋ, ಏನಿಲ್ಲ ಕಣೇ, ಸುಮ್ನೆ ಒಂದ್ಸಲ ನೋಡ್ಸೋಣ ಅಂತ, ಮುಷ್ಟಿ ಬಿಗಿ ಹಿಡಿ ಎಂದೆ, ಹಿಡಿದ, ನರ ಸಿಕ್ಕಿತು, ಸೂಜಿ ಹೋಯಿತು, ಸಾಕು, ಮುಷ್ಟಿ ಬಿಡು ಎಂದೆ, ಬಿಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ, ತುಟಿ ಅಲುಗಿತು, ಹಿಂದೆ ಹನ್ನೊಂದು ಜನ ಕಾಯುತ್ತಿದ್ದರು, ಹತ್ತಿ ಒತ್ಕೋ, ಭಾನುವಾರ ಮನೆಗೆ ಬಾ, ಮಾತಾಡೋಣ, ಎಂದು ಮುಂದಿನವರನ್ನು ಕರೆದೆ. ಭಾನುವಾರ ಅವನಿರಲಿಲ್ಲ. ಶನಿವಾರ ಮಧ್ಯಾಹ್ನವೇ ಬಸ್ ನಿಲ್ದಾಣದ ಬೆಂಚಿನ ಮೇಲೆ, ಕೂತಲ್ಲೇ, ಎದೆಬಡಿತ ನಿಂತಿತ್ತು, ಅಂಗಡಿಗೆ ಬೀಗ ಹಾಕಿಸಲು ನಾನು ಹೋದರೆ ಅಲ್ಲಿ ಯಾರೋ ಗೋಡೆಯುದ್ದಕ್ಕೂ ಚಪ್ಪಲಿ ಜೋಡಿಸುತ್ತಿದ್ದರು, ಅವರು ಮಾರಿ ಹೋಗಿ ತಿಂಗಳಾಯ್ತಲ್ಲ, ನಿಮಗೆ ಗೊತ್ತಿಲ್ವಾ ಎಂದರು, ರಕ್ತದ ವರದಿ ಸೋಮವಾರ ಬಂತು, ಎಲ್ಲವೂ ಸರಿಯಾಗಿಯೇ ಇತ್ತು.

ಹಗುರದ್ದನ್ನು ಕಪಾಟಿಗೆ ಸಿಕ್ಕಿಸುತ್ತೇನೆ, ಮುಖ ಒಳಗೆ ಮಾಡಿ, ಫೋನು ತೆಗೆಯುತ್ತೇನೆ, ಹಲೋ, ಬೂದು ಬಣ್ಣದ್ದು ತರ್ತಿದ್ದೀನಿ, ನಿಧಾನಕ್ಕೆ ಓದು, ಆ ಇನ್ನೊಂದು ಬೇಡ, ಅದನ್ನ ನಿಮ್ಮಪ್ಪಂಗೆ ಕೊಟ್ಟಿದ್ದು ನಾನೇ ಕಣೇ — ಆರು ವರ್ಷ ಗಂಟಲಲ್ಲಿದ್ದದ್ದು ಅಂಗಡಿಯವನ ಎದುರೇ ಹೊರಬಿತ್ತು, ಅವಳ ಆಫೀಸಿನ ಸದ್ದು, ಯಾರದೋ ನಗು, ಆಮೇಲೆ ಅವಳು, ಗೊತ್ತು ಅತ್ತೆ, ಮೊದಲನೇ ಪುಟದಲ್ಲಿ ನಿಮ್ಮ ಕೈಬರಹ ಇದೆಯಲ್ಲ, ಸಿಟ್ಟೋ ಪ್ರೀತಿಯೋ ದನಿಯಲ್ಲಿ ತಿಳಿಯುವುದಿಲ್ಲ, ಅದಿರ್ಲಿ ಅತ್ತೆ, ಒಂದು ಕೇಳ್ಬೇಕಿತ್ತು, ಆ ವಾರ ಅಪ್ಪ ನಿಮ್ಮ ಹತ್ರ ಬಂದಿದ್ರಂತೆ, ಏನಾದ್ರೂ ಹೇಳಿದ್ರಾ — ಹೇಳಿದನೆ, ತುಟಿ ಅಲುಗಿತ್ತು, ಹೇಳುವವನಿದ್ದ, ನಾನು ಹತ್ತಿ ಕೊಟ್ಟೆ, ಅತ್ತೆ, ಕೇಳಿಸ್ತಿದ್ಯಾ, ಕೇಳಿಸುತ್ತಿದೆ, ಬಿಡು ಅಣ್ಣ, ಸೂಜಿ ತೆಗೆದಾಯ್ತು, ಬಿಡು, ಬಿಳಿಚಿದ ಗೆಣ್ಣುಗಳು, ಒಳಗೆ ಮಡಚಿದ ಹೆಬ್ಬೆರಳು, ಆ ಮುಷ್ಟಿ