ಹಲಗೆಗೆ ಬೇಕಾದ ತೂಕ

ಟಿಣ್ ಎಂದಿತು ಏನೋ, ಅಂಗಳದ ಕಡೆಯಿಂದ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು, ತೀರ ಸಣ್ಣದು, ಬಳೆಗೆ ಬಳೆ ತಾಗಿದಷ್ಟು, ಅನುಸೂಯ ಉಸಿರು ಹಿಡಿದು ಕೇಳುತ್ತಾಳೆ, ಪಕ್ಕದಲ್ಲಿ ಗಂಡ ವೆಂಕಟರಾಯಪ್ಪನ ಗೊರಕೆ ಇದೆ, ಹಾಗಾದರೆ ಅವನಲ್ಲ — ಮನಸ್ಸಿನೊಳಗೆ ಅವನು, ಬಾಯಲ್ಲಿ ಅವರು, ನಾಲ್ಕು ವರ್ಷದ ಸಂಸಾರದಲ್ಲಿ ಅವಳು ಉಳಿಸಿಕೊಂಡ ಹಕ್ಕು ಇದೊಂದೇ — ಕಳ್ಳರಾದರೆ ನಾಯಿ ಬೊಗಳಬೇಕಿತ್ತು, ಬೊಗಳಲಿಲ್ಲ, ಅಂದರೆ ಮನೆಯವರೇ ಯಾರೋ, ಅಂಗಳದಲ್ಲಿ ಕಬ್ಬಿಣ ಅಂತ ಇರುವುದು ಆ ಹಲಗೆಯೊಂದೇ, ಎಂಟು ದಿನ ಊಟದ ಹೊತ್ತು ಮರೆತು ಅವನು ಮಾಡಿದ ಹಲಗೆ, ಬೆಳಗಾದರೆ ಅವಳು ಹತ್ತಿ ನಿಲ್ಲಬೇಕಾದ ಹಲಗೆ, ಹೊಟ್ಟೆಯಲ್ಲಿ ಮೂರು ತಿಂಗಳು ತುಂಬಿದೆ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಮುಟ್ಟಿದರೆ ಸಿಗುವಂಥದ್ದು ಅಲ್ಲಿ ಇನ್ನೂ ಏನೂ ಇಲ್ಲ, ಆದರೂ ಇದೆ. ಶುಕ್ರವಾರ ಕಾರು ಬರುತ್ತದೆ, ದ್ರಾಕ್ಷಿ ತೋಟದ ದುಡ್ಡಿನ ಕಾರು, ಬೆಂಗಳೂರಿನ ಸೇಟು ಓಡಿಸಿ ಮಾರಿದ ಅಂಬಾಸಿಡರ್, ಕುಂದಾಣದ ಸುತ್ತ ಯಾರ ಮನೆ ಮುಂದೂ ಇಂಥದ್ದು ನಿಂತಿಲ್ಲ, ರಸ್ತೆಯಿಂದ ಬಾಗಿಲವರೆಗೆ ಇನ್ನೂರು ಗಜ ದಾರಿಗೆ ಲಾರಿಯವರು ಜಲ್ಲಿ ಸುರಿದು ಹೋದರು, ಆಳುಗಳು ಗುದ್ದಲಿಯಲ್ಲಿ ಎಳೆದರು, ಎಳೆದಷ್ಟೂ ಉಬ್ಬು, ತಗ್ಗು, ಉಬ್ಬು, ಕಾರಿನ ಹೊಟ್ಟೆ ಉಜ್ಜೋಯ್ತದೆ ಕಣ್ರೋ ನನ್ಮಕ್ಳಾ, ನಿಮ್ಮಪ್ಪ ಕೊಡ್ತಾನಾ ಕಾರು, ಎಂದು ಅವನು ಅವರ ಕೈಯಿಂದ ಗುದ್ದಲಿ ಕಿತ್ತು ಅದರ ಕಾವಿನಿಂದಲೇ ಬಾರಿಸಿದ, ಮಾರನೇ ದಿನ ಒಬ್ಬ ಆಳೂ ಬರಲಿಲ್ಲ. ಆಗ ಶುರುವಾಯಿತು ಹಲಗೆಯ ಹುಚ್ಚು. ಕಮ್ಮಾರನನ್ನು ಕರೆಯಲಿಲ್ಲ, ಹಳೇ ಗಾಡಿಯ ಚಕ್ರಗಳಿಂದ ಕಬ್ಬಿಣದ ಪಟ್ಟಿ ಬಿಚ್ಚಿ, ತಿಪ್ಪೆಯ ಹತ್ತಿರ ಇದ್ದಲಿನ ಕುಳಿ ತೋಡಿ, ಕಾಯಿಸಿ, ಬಡಿದು ನೆಟ್ಟಗೆ ಮಾಡಿದ, ಎರಡು ಹಲಸಿನ ತೊಲೆ ಒಂದರ ಹಿಂದೊಂದು ಜೋಡಿಸಿ ಅವುಗಳ ಅಡಿಗೆ ಪಟ್ಟಿ ಹೊಡೆದ, ಮುಂದಿನ ತೊಲೆಯ ಎರಡು ಕೊನೆಗೂ ಬಳೆ, ಬಳೆಗೊಂದು ಸರಪಳಿ, ಸರಪಳಿ ಕಳಚದ ಹಾಗೆ ಬೆರಳುದ್ದದ ಕಬ್ಬಿಣದ ಆಣಿ, ಎಡಕ್ಕೊಂದು ಬಲಕ್ಕೊಂದು, ಆಮೇಲೆ ಅರ ಹಿಡಿದು ಪಟ್ಟಿಯ ಅಂಚು ಉಜ್ಜಲು ಕೂತ, ಕರ್ ಕರ್ ಕರ್, ಮೂರು ದಿನ, ಅವಳ ಹಲ್ಲಿನ ಬೇರಿಗೇ ಉಜ್ಜಿದ ಹಾಗೆ, ಉಬ್ಬು ಕೊಯ್ಕೊಂಡು ಹೋಗ್ಬೇಕು ನೋಡು ಎಂದು ಹಸಿ ಬೇವಿನ ಕೊಂಬೆಯೊಂದನ್ನು ಅಂಚಿನ ಮೇಲಿಟ್ಟು ಒತ್ತಿ ತೋರಿಸಿದ, ಕೊಂಬೆ ಸೌತೆಕಾಯಿಯ ಹಾಗೆ ಎರಡಾಯಿತು, ಅವನ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

ಎತ್ತು ಹೂಡಿ ಎಳೆದರೆ ಹಲಗೆ ಜಲ್ಲಿಯ ಮೇಲೆ ಕುಣಿಯಿತು, ಕುಣಿಯುತ್ತಲೇ ಹೋಯಿತು, ಒಂದು ಉಬ್ಬೂ ಸವೆಯಲಿಲ್ಲ. ತೂಕ ಬೇಕು. ಗದ್ದೆ ಮಟ್ಟ ಮಾಡುವಾಗ ಹಲಗೆಯ ಮೇಲೆ ಒಬ್ಬರು ನಿಲ್ಲುತ್ತಾರೆ, ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ಕೆಸರಿನಲ್ಲಿ ಬಿದ್ದರೆ ಕೆಸರಾಗುತ್ತದೆ ಅಷ್ಟೇ, ಎದ್ದು ನಗುತ್ತಾರೆ — ಇದು ಕೆಸರಲ್ಲವಲ್ಲ ರೀ, ಮರಳಿನ ಮೂಟೆ ಇಡಬಹುದಲ್ಲ ಎಂದಳು ಅವಳು, ಬಾಗಿಲ ಹಿಂದಿನಿಂದ, ಮೆಲ್ಲಗೆ, ಪ್ರತಿ ಪದವನ್ನೂ ತೂಗಿ, ಓಹೋ ಬೀಯೆ ಪಾಸು ಬಂತು ಬುದ್ಧಿ ಹೇಳೋಕೆ, ಮೂಟೆಗೆ ವಾಲೋದು ಬತ್ತದೇನೇ, ಪಟ್ಟಿ ಕಚ್ಕೊಂಡ್ರೆ ಹಿಂದಕ್ಕೆ ವಾಲ್ಬೇಕು, ಹಾರಿದ್ರೆ ಮುಂದಕ್ಕೆ ವಾಲ್ಬೇಕು, ಜೀವ ಇರೋ ತೂಕವೇ ಆಗ್ಬೇಕು. ಜೀತಕ್ಕಿದ್ದ ಚಿಕ್ಕಬೀರಪ್ಪ ಬಿಟ್ಟುಹೋಗುವ ಹಾಗಿರಲಿಲ್ಲ, ಅವನು ಹತ್ತಿದ, ನಿನ್ನೆ, ಮಧ್ಯಾಹ್ನ, ಬುದ್ಧೀ ಮೆತ್ತಗೆ ಹೊಡೀರಿ ಅನ್ನುತ್ತಲೇ ಇದ್ದ, ಚಾಟಿ ಬಿತ್ತು, ಎತ್ತು ಎಗರಿದವು, ಪಟ್ಟಿ ಕಚ್ಚಿತು, ಅವನು ಮುಂದಕ್ಕೆ ಬಿದ್ದ, ಎಡಗೈ ಊರಿದ, ಅಷ್ಟೇ, ಹಲಗೆ ದಾಟಿ ಹೋದ ಮೇಲೆ ಕೈಯಲ್ಲಿ ಮೂರೇ ಬೆರಳು, ಅವನು ಕೂಗಲೂ ಇಲ್ಲ, ಜಲ್ಲಿಯಲ್ಲಿ ಏನನ್ನೋ ಹುಡುಕತೊಡಗಿದ, ಅವಳು ಓಡಿಹೋಗಿ ಸೆರಗು ಹರಿದು ಸುತ್ತಿದಳು, ಬಿಸಿ, ಎಷ್ಟು ಬಿಸಿ ಇರುತ್ತದೆ ಅದು, ಸುತ್ತಿದಷ್ಟೂ ಮೇಲೆ ಬರುತ್ತದೆ, ಹಿಂದಿನಿಂದ ಗಂಡನ ದನಿ, ನಿಂತ್ಕೊಳ್ಳೋಕೆ ಬರಲ್ಲ ಬೇವರ್ಸಿಗೆ, ಜಲ್ಲಿಗೆ ಎರಡು ಕೊಡ ನೀರು ಹುಯ್ಯಿರಿ, ಕಾರು ಬರೋ ದಾರಿ. ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, ಅವಳ ಮುಖ ನೋಡದೆ, ನಾಳೆ ನೀನು ನಿಂತ್ಕೊ. ಅತ್ತೆ ಪಿಳ್ಳಮ್ಮ ಒಲೆಯ ಮುಂದೆ ಕೂತಿದ್ದರು, ಅನುಸೂಯ ಅವರ ಕಡೆಯೇ ನೋಡುತ್ತಾ ಹೇಳಿದಳು, ನನಗೆ ಮೂರು ತಿಂಗಳು, ನಿಮಗೆ ಗೊತ್ತಲ್ಲ. ನಮ್ಮವ್ವ ಹೆರೋ ದಿನವೂ ನಾಟಿ ಹಾಕ್ದೋಳು, ಕೇಳು ಬೇಕಾದ್ರೆ, ಅಲ್ವೇನವ್ವಾ? ಅತ್ತೆ ಕೊಳವೆ ಊದಿದರು, ಬೂದಿ ಎದ್ದಿತು. ಹೋದ ವರ್ಷವೂ ಹೀಗೇ ಕೂತಿದ್ದರು ಅವರು, ಇದೇ ಒಲೆಯ ಮುಂದೆ, ಅವನು ಅವಳನ್ನು ಕಣಜದ ಗೋಡೆಗೆ ತಳ್ಳಿ ಸೊಂಟಕ್ಕೆ ಒದ್ದ ದಿನ, ಐದನೇ ತಿಂಗಳು ಅದು, ಆ ರಾತ್ರಿ ಬಟ್ಟೆ ಒಗೆದವರು ಅತ್ತೆ, ಅಂಗೈಯಷ್ಟಿದ್ದದ್ದನ್ನು ಬಾಳೆಲೆಯಲ್ಲಿ ಸುತ್ತಿ ಹಿತ್ತಲಿಗೆ ಒಯ್ದವರು ಅತ್ತೆ, ಗಂಡಾ ಹೆಣ್ಣಾ ಎಂದು ಅವಳು ಕೇಳಿದ್ದಕ್ಕೆ ಸುಮ್ಕೆ ಮಲಿಕ್ಕೊ ಅಂದವರು.

ಮತ್ತೆ, ಟಿಣ್. ಅನುಸೂಯ ಎದ್ದಳು, ಮಂಚ ಕಿರುಗುಟ್ಟದ ಹಾಗೆ ಏಳುವುದು ಅವಳಿಗೆ ಅಭ್ಯಾಸ, ಕಿಟಕಿಯ ಕದ ಒಂದು ಬೆರಳಷ್ಟು ಸರಿಸಿದಳು, ಬೆಳದಿಂಗಳು, ಹಲಗೆಯ ಹತ್ತಿರ ಬಿಳೀ ತಲೆ ಬಗ್ಗಿದೆ, ಅತ್ತೆ. ಮಂಡಿಯೂರಿ ಕೂತಿದ್ದಾರೆ, ಮಡಿಲಲ್ಲಿ ಕಬ್ಬಿಣದ ಆಣಿ ಎರಡೂ ಇವೆ, ಕೈಯಲ್ಲಿ ಸೌದೆ ಗುಡ್ಡೆಯಿಂದ ಹೆಕ್ಕಿದ ಕಡ್ಡಿಗಳು, ಒಂದನ್ನು ಎಡಗಡೆಯ ಬಳೆಗೆ ತೂರಿಸಿದರು, ಒಂದನ್ನು ಬಲಗಡೆಗೆ, ಗಾಡಿಯ ಕೀಲೆಣ್ಣೆ ಬಳಿದು ಕಪ್ಪು ಮಾಡಿದರು, ಬೆರಳು ಸೀರೆಗೆ ಒರೆಸಿಕೊಂಡರು, ಅನುಸೂಯಳಿಗೆ ಅರ್ಥವಾಯಿತು, ಎತ್ತು ಮೊದಲ ಹೆಜ್ಜೆ ಹಾಕಿದ ಕೂಡಲೇ ಎರಡೂ ಮುರಿಯಬೇಕು, ಎತ್ತು ಸರಪಳಿ ಎಳೆದುಕೊಂಡು ಹೋಗಬೇಕು, ಹಲಗೆ ನಿಂತಲ್ಲೇ ನಿಲ್ಲಬೇಕು, ಯಾರೂ ಬೀಳಬಾರದು, ಮಗ ನಾಲ್ಕು ಬೈಗುಳ ಬೈದು ಅದನ್ನು ಬಿಸಾಡಬೇಕು, ಅಷ್ಟೇ ಮುದುಕಿಯ ಯೋಚನೆ, ಪೊರೆ ಬಂದ ಕಣ್ಣು, ಸೌದೆ ಗುಡ್ಡೆಯ ನೆರಳಲ್ಲಿ ಕೈಗೆ ಸಿಕ್ಕಿದ ಕಡ್ಡಿ. ಒಂದು ವರ್ಷ ಇವರನ್ನು ದ್ವೇಷಿಸಿದಳಲ್ಲ ತಾನು, ದಿನಾ, ಲೋಟ ತೊಳೆಯುವಾಗಲೂ. ಅತ್ತೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಒಮ್ಮೆ ಕಿಟಕಿಯ ಕಡೆ ನೋಡಿದರು, ಅವರ ಕಣ್ಣಿಗೆ ಅಷ್ಟು ದೂರ ಏನೂ ಕಾಣುವುದಿಲ್ಲ, ಅನುಸೂಯ ಅಲ್ಲಾಡಲಿಲ್ಲ.

ಬೆಳಗಾಗಿದೆ, ಎತ್ತು ಹೂಡಿದ್ದಾನೆ, ಬಾರೇ ಹೊತ್ತಾಯ್ತು, ಅಂಗಳಕ್ಕೆ ಇಳಿಯುವ ಮೂರು ಮೆಟ್ಟಿಲು ಇಳಿಯುತ್ತಾಳೆ, ಎಡಗಡೆಯ ಕಡ್ಡಿ ನೋಡುತ್ತಾಳೆ, ಕೀಲೆಣ್ಣೆಯ ಕೆಳಗೂ ಗೊತ್ತಾಗುತ್ತದೆ, ಹರಳು ಗಿಡದ್ದು, ಒಳಗೆ ಪೊಳ್ಳು, ಬಲಗಡೆಯದು ಲಂಟಾನ, ಗಂಟು ಗಂಟು, ಅದು ಅಷ್ಟು ಸುಲಭಕ್ಕೆ ಮುರಿಯುವುದಲ್ಲ, ಒಂದು ಹೋಗಿ ಒಂದು ಉಳಿದರೆ — ಉಳಿದರೆ ಹಲಗೆ ಗಿರಕಿ ಹೊಡೆಯುತ್ತದೆ, ಮೇಲಿರುವವರು ಅಡಿಗೆ ಹೋಗುತ್ತಾರೆ, ಕಾಲೇಜಿನಲ್ಲಿ ಕಲಿಯಬೇಕಾದ ವಿಷಯವಲ್ಲ ಇದು, ಹೇಳಿಬಿಡಬಹುದು, ರೀ ಆಣಿ ನೋಡಿ ಅಂದರೆ ಮೂರೇ ಪದ, ಅಂದರೆ ಅವನು ಅತ್ತೆಯ ಜುಟ್ಟು ಹಿಡಿಯುತ್ತಾನೆ, ಆಮೇಲೆ ಕಬ್ಬಿಣದ ಆಣಿ ಹಾಕುತ್ತಾನೆ, ಆಮೇಲೆ ಅವಳನ್ನು ಹತ್ತಿಸುತ್ತಾನೆ. ಹತ್ತೇ, ಏನ್ ಮುಹೂರ್ತ ನೋಡ್ತಿದೀಯಾ? ಅವಳು ಮಾತು ಆರಿಸಿಕೊಂಡಳು, ನಿಧಾನವಾಗಿ, ಅಂಗಡಿಯಲ್ಲಿ ಬಳೆ ಆರಿಸುವ ಹಾಗೆ — ನನಗೆ ವಾಲೋದು ಗೊತ್ತಿಲ್ಲ, ಒಂದ್ಸಲ ನೀವು ನಿಂತು ತೋರಿಸಿಕೊಡಿ. ಅವನಿಗೆ ನಗು ಬಂತು, ಈ ಬೀಯೆಗೆ ನಿಲ್ಲೋದೂ ಹೇಳ್ಕೊಡ್ಬೇಕು, ಎತ್ತಿನ ಹಗ್ಗ ಕೈಗೆ ಸುತ್ತಿಕೊಂಡ, ಹೊಸ ಮೆಟ್ಟು ತೊಟ್ಟ ಕಾಲಲ್ಲೇ ಹಾರಿ ಹತ್ತಿದ. ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಬುಟ್ಟಿ ಬಿತ್ತು, ಲೋ, ಲೋ ಬ್ಯಾಡ ಕಣೋ, ಇಳಿಯೋ ಮಗಾ, ಅತ್ತೆ ಓಡಿ ಬರುತ್ತಿದ್ದಾರೆ, ಸೀರೆ ಕಾಲಿಗೆ ಸಿಕ್ಕಿಕೊಳ್ಳುತ್ತಿದೆ, ಸುಮ್ಕಿರವ್ವಾ, ನಿನ್ನ ಸೊಸೆಗೆ ಪಾಠ ನಡೀತೈತೆ, ಹೊಯ್ ಎಂದು ಚಾಟಿ ಬೀಸಿದ. ಮೊದಲ ಹೆಜ್ಜೆಗೆ ಮುರಿಯಲಿಲ್ಲ. ಹತ್ತು ಅಡಿ, ಹಲಗೆ ಜಲ್ಲಿಯ ಮೇಲೆ ಕೂತು ಎಷ್ಟು ಚೆನ್ನಾಗಿ ಹೋಯಿತು, ಹಿಂದೆ ದಾರಿ ಒಂದೇ ಸಮ, ಬಾಚಣಿಗೆ ಎಳೆದ ತಲೆಯ ಹಾಗೆ, ನೋಡ್ದೇನೇ, ನೋಡ್ದೇನೇ ಎಂದು ಅವನು ಅವಳ ಕಡೆ ತಿರುಗಿದ, ಅಲ್ಲಿ ಉಬ್ಬಿತ್ತು, ಪಟ್ ಎಂದು ಹರಳು ಕಡ್ಡಿ ಹೋಯಿತು, ಹಲಗೆ ಗಿರಕಿ ಹೊಡೆಯಿತು, ಅವನು ತಲೆ ಕೆಳಗಾಗಿ ಮುಂದಕ್ಕೆ ಹೋದ, ಹಗ್ಗ ಕೈಗೆ ಸುತ್ತಿತ್ತು, ಎತ್ತು ಬೆದರಿದವು, ಹಸಿ ಸೌದೆ ಸೀಳಿದ ಸದ್ದು, ಆಮೇಲೆ ಅವನ ಸದ್ದು, ಮನುಷ್ಯರದ್ದಲ್ಲ ಅದು, ಬಿಳೀ ಜಲ್ಲಿ ಕೆಂಪಾಗುತ್ತಾ ಬಂತು, ಮೂಳೆ ಇಷ್ಟು ಬಿಳುಪೆಂದು ಅವಳಿಗೆ ತಿಳಿದಿರಲಿಲ್ಲ, ಮಟ್ಟ ಮಾಡಿದ ಜಾಗದ ಕೊನೆಯಲ್ಲಿ ಅವನ ಬಲಗಾಲಿನ ಮೆಟ್ಟು ನೆಟ್ಟಗೆ ನಿಂತಿತ್ತು, ಕಾಲಿಲ್ಲದೆ, ಮನೆಯ ಕಡೆ ಮುಖ ಮಾಡಿ.

ಪಕ್ಕದ ತೋಟದ ಆದಿನಾರಾಯಣಪ್ಪ ಓಡಿ ಬಂದರು, ಎತ್ತು ಹಿಡಿದರು, ಟವೆಲಿನಿಂದ ತೊಡೆ ಬಿಗಿದರು, ಟ್ರಾಕ್ಟರ್ ತರಿಸಿದರು, ನಾಲ್ಕು ಜನ ಎತ್ತಿ ಹಾಕಿದರು, ಹೋಗುವ ಮೊದಲು ಅವರು ಬಗ್ಗಿ ಎಡಗಡೆಯ ಬಳೆ ನೋಡಿದರು, ಆಣಿ ಎಲ್ಲಿ ಹೋಯ್ತಮ್ಮಾ? ಅನುಸೂಯಳ ಪಾದದ ಕೆಳಗೆ ಹರಳು ಕಡ್ಡಿಯ ತುಂಡು ಚುಚ್ಚುತ್ತಿತ್ತು, ಅವಳು ಕಾಲು ಒತ್ತಿದಳು, ಜಲ್ಲೀಲಿ ಎಲ್ಲೋ ಬಿದ್ದಿರಬೇಕು, ಹಾಳು ಕಬ್ಬಿಣ ಎಂದು ಅವರು ಟ್ರಾಕ್ಟರ್ ಹತ್ತಿದರು, ಅದರ ಸದ್ದು ರಸ್ತೆ ಮುಟ್ಟುವ ಮೊದಲೇ ಅವಳು ಬಲಗಡೆಯ ಲಂಟಾನ ಕಿತ್ತಿದ್ದಳು, ತುಂಡನ್ನೂ ಅದನ್ನೂ ನೀರೊಲೆಗೆ ಹಾಕಿದ್ದಳು, ಮೆಟ್ಟು ಮಾತ್ರ ಯಾರೂ ಮುಟ್ಟಲಿಲ್ಲ. ಸಂಜೆ ಸುದ್ದಿ ಬಂತು, ಜೀವಕ್ಕೆ ಏನಿಲ್ಲವಂತೆ, ಮಂಡಿಯ ಮೇಲಕ್ಕೆ ಕಾಲು ತೆಗೆದರಂತೆ, ಒಂದು ತಿಂಗಳಿಗೆ ಮನೆಗೆ ಬರುತ್ತಾರಂತೆ, ಬರುತ್ತಾನೆ, ಮಂಚದ ಮೇಲಿಂದ ಕೂಗುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ಎದ್ದು ಬಂದು ಒದೆಯಲಾರ. ನಡುಮನೆಯಲ್ಲಿ ಅತ್ತೆ ಎದೆ ಬಡಿದುಕೊಳ್ಳುತ್ತಿದ್ದಾರೆ, ನಾನೇ ಕಣ್ರವ್ವಾ, ನಾನೇ ಕಾಲು ಮುರ್ದೆ ನನ್ನ ಮಗನ್ದು, ಬಂದ ಹೆಂಗಸರು ತಾಯಿ ಸಂಕಟ ಎಂದು ಬೆನ್ನು ಸವರುತ್ತಿದ್ದಾರೆ, ಯಾರೂ ನಂಬುವುದಿಲ್ಲ, ಅವರು ಹೇಳುತ್ತಿರುವುದು ನಿಜ, ಅರ್ಧ ನಿಜ, ಮಿಕ್ಕ ಅರ್ಧ ಅನುಸೂಯಳ ಬಾಯಲ್ಲಿದೆ, ಪಕ್ಕ ಕೂತು ಕಿವಿಯಲ್ಲಿ ಹೇಳಿದರೆ ಸಾಕು, ಅತ್ತೆ, ಕಡ್ಡಿ ಇಟ್ಟವರು ನೀವು, ನಾನು ನೋಡಿದ್ದೆ, ನೋಡಿಯೂ ಅವರನ್ನು ಹತ್ತಿಸಿದವಳು ನಾನು — ಮುದುಕಿಯ ಎದೆ ಹಗುರಾಗುತ್ತದೆ, ಆಗುತ್ತದೆಯೇ, ಅಥವಾ ಆ ಪೊರೆ ಬಂದ ಕಣ್ಣು ಇವಳ ಕಡೆ ತಿರುಗಿ, ಇನ್ನು ಬದುಕಿರುವವರೆಗೂ ತಿರುಗಿಯೇ ಇದ್ದು — ಇಲ್ಲ, ಹೇಳುವುದಿಲ್ಲ, ಆದಿನಾರಾಯಣಪ್ಪನವರಿಗಿಲ್ಲ, ತವರಿಗಿಲ್ಲ, ನಾಳೆ ಹುಟ್ಟಿ ದೊಡ್ಡದಾಗಿ ಅಪ್ಪನ ಕಾಲು ಏನಾಯ್ತು ಎಂದು ಕೇಳುವ ಮಗುವಿಗೂ ಇಲ್ಲ, ಈ ಮುದುಕಿಗಂತೂ ಇಲ್ಲ, ಯಾರಿಗೂ ಇಲ್ಲ, ಅತ್ತೆಗೆ ಒಂದು ಲೋಟ ನೀರು ಕೊಡಬೇಕು, ಏಳಬೇಕು, ಅನುಸೂಯ ಏಳುತ್ತಾಳೆ, ಬಾಗಿಲಿನಾಚೆ ಕತ್ತಲಾಗುತ್ತಿದೆ, ಹತ್ತು ಅಡಿ ಮಟ್ಟಸ ಜಲ್ಲಿ, ಅದರ ಕೊನೆಯಲ್ಲಿ ಮೆಟ್ಟು, ಮನೆಯ ಕಡೆ ಮುಖ, ಮೆಟ್ಟು, ನೆಟ್ಟಗೆ